ಕಲ್ಲಿನ ನೆನಪು, ಕೊರಳಿನ ನೆನಪು: ಗ್ರೇ ಕವಿಯ ಶೋಕಗೀತೆಯ ಒಂದು ವಿವೇಚನೆ

ಇಂಗ್ಲಿಷ್ ಸಾಹಿತ್ಯವನ್ನು ಕ್ರಮವಾಗಿ ಅಭ್ಯಾಸ ಮಾಡಿದ ನಮ್ಮ ನಾಡಿನ ವಿದ್ಯಾರ್ಥಿಗಳಲ್ಲಿ ಥಾಮಸ್ ಗ್ರೇ ಕವಿಯ ಶೋಕಗೀತೆಯನ್ನು ಓದದವರು ವಿರಳ. ಹಳ್ಳಿಯ ಚರ್ಚೊಂದರ ಅಂಗಳದಲ್ಲಿ ಮಣ್ಣಾದ ಹೆಸರಿಲ್ಲದ ಒಕ್ಕಲಮಕ್ಕಳನ್ನು ಕುರಿತ ಈ ಕವಿತೆ ೧೭೫೧ರ ಫೆಬ್ರವರಿ ೧೫ರಂದು ಲಂಡನ್ನಿನಲ್ಲಿ ಆರು ಪೆನ್ನಿ ಬೆಲೆಯ ಕಿರುಹೊತ್ತಗೆಯಾಗಿ ಹೊರಬಂದಿತು. ೩೨ ಚೌಪದಿಗಳು, ೧೨೮ ಪಂಕ್ತಿಗಳು. ಇಷ್ಟೇ ಅದರ ಗಾತ್ರ. ಆದರೂ ಎರಡೂಮುಕ್ಕಾಲು ಶತಮಾನಗಳಿಂದ ಅದು ಓದುಗರ ಮನಸ್ಸಿನಿಂದ ಮರೆಯಾಗಿಲ್ಲ. ಗ್ರೇಯ ಇತರ ಕವಿತೆಗಳನ್ನು ಕಟುವಾಗಿ ಟೀಕಿಸಿದ ಡಾ. ಸ್ಯಾಮ್ಯುಯೆಲ್ ಜಾನ್ಸನ್ನನೂ ೧೭೮೧ರಲ್ಲಿ ಪೂರ್ಣಗೊಂಡ ತನ್ನ ಕವಿಚರಿತೆಗಳಲ್ಲಿ ಈ ಒಂದು ಕವಿತೆಯ ಮುಂದೆ ತಲೆಬಾಗಿ, ಸಾಮಾನ್ಯ ಓದುಗನ ತೀರ್ಪೇ ತನಗೂ ಸಮ್ಮತವೆಂದು ಒಪ್ಪಿಕೊಂಡನು.

ಕ್ರೈಸ್ತ ಸಮಾಧಿಭೂಮಿಯನ್ನು ಕುರಿತ ಪರದೇಶದ ಕವಿತೆಗೂ ಶರಣಸಾಹಿತ್ಯದ ಚಿಂತನೆಗೆ ಮೀಸಲಾದ ಈ ಪತ್ರಿಕೆಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವಿಲ್ಲದಿಲ್ಲ. ನಾವೂ ಸತ್ತವರನ್ನು ಬೆಂಕಿಗಲ್ಲ, ಮಣ್ಣಿಗೆ ಒಪ್ಪಿಸುವವರು. ನಮ್ಮಲ್ಲಿಯೂ ಹಿರಿಯರ ಗದ್ದುಗೆಗಳಿವೆ. ಗುರುತೇ ಇಲ್ಲದೆ ಹೊಲದ ಅಂಚಿನಲ್ಲಿ ಮಣ್ಣಾದ ಸಾವಿರಾರು ಭಕ್ತರ ನೆಲೆಗಳೂ ಇವೆ. ಮಣ್ಣಿನಲ್ಲಿ ಮಣ್ಣಾದವನ ನೆನಪು ನಿಲ್ಲುವುದು ಯಾವುದರಲ್ಲಿ, ಮೇಲೆ ನೆಟ್ಟ ಕಲ್ಲಿನಲ್ಲಿಯೋ, ಬದುಕಿರುವವರ ಕೊರಳಿನಲ್ಲಿಯೋ? ಗ್ರೇಯ ಕವಿತೆ ಎತ್ತಿದ ಪ್ರಶ್ನೆ ಇದು. ಸ್ಥಾವರ-ಜಂಗಮಗಳ ವಿಚಾರದಲ್ಲಿ ನಮ್ಮ ಶರಣರು ಎತ್ತಿದ ಪ್ರಶ್ನೆಯೂ ಇದಕ್ಕೆ ದೂರವಾದುದಲ್ಲ. ಆದುದರಿಂದ ಈ ಕವಿತೆಯನ್ನು ಅದು ಹುಟ್ಟಿದ ನೆಲದಲ್ಲಿಟ್ಟು ನೋಡುವುದು, ಅದರ ಕರುಣೆ ಎಲ್ಲಿಯವರೆಗೆ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧

ಲಂಡನ್ನಿಗೆ ವಾಯವ್ಯದಲ್ಲಿರುವ ಬಕಿಂಗ್‌ಹ್ಯಾಮ್‌ಶೈರ್ ಇಂಗ್ಲೆಂಡಿನ ಹಳೆಯ ಕೌಂಟಿಗಳಲ್ಲೊಂದು. ಕೌಂಟಿಯೆಂದರೆ ಸುಮಾರಾಗಿ ನಮ್ಮ ಜಿಲ್ಲೆಯಿದ್ದಂತೆ. ಅದರ ದಕ್ಷಿಣದ ಅಂಚಿನಲ್ಲಿ ಸ್ಟೋಕ್ ಪೋಜಸ್ ಎಂಬ ಹಳ್ಳಿಯಿದೆ. ಅಲ್ಲಿಯ ಸಂತ ಜೈಲ್ಸನ ಹೆಸರಿನ ಚರ್ಚು ನಾರ್ಮನ್ ಕಾಲದಷ್ಟು ಹಳೆಯದು. ಗೋಡೆಗಳಲ್ಲಿ ಆ ಸೀಮೆಯಲ್ಲಿ ಹೇರಳವಾಗಿ ಸಿಗುವ ಚಕಮಕಿ ಕಲ್ಲು ಕಾಣುತ್ತದೆ. ಅದಕ್ಕೆ ತಗುಲಿಕೊಂಡು ೧೬ನೆಯ ಶತಮಾನದಲ್ಲಿ ಹೇಸ್ಟಿಂಗ್ಸ್ ಎಂಬ ಶ್ರೀಮಂತ ಮನೆತನದವರು ಕಟ್ಟಿಸಿದ ಇಟ್ಟಿಗೆಯ ಪ್ರಾರ್ಥನಾಮಂದಿರವಿದೆ. ಸುತ್ತಲಿನ ಅಂಗಳದಲ್ಲಿ ಹಳೆಯ ಯೂ ಮರ. ಅದರ ಆಸುಪಾಸಿನಲ್ಲಿ ಹುಲ್ಲು ಮುಚ್ಚಿದ ಮಣ್ಣಿನ ದಿಬ್ಬಗಳು. ಗ್ರೇಯ ತಾಯಿ ಡೊರೊಥಿ ಗಂಡನ ಮರಣಾನಂತರ ೧೭೪೨ರಿಂದ ತನ್ನ ಸಹೋದರಿಯರೊಡನೆ ಈ ಊರಿನಲ್ಲಿ ನೆಲೆಸಿದ್ದಳು. ಕೇಂಬ್ರಿಜ್ಜಿನಲ್ಲಿ ವಾಸವಾಗಿದ್ದ ಕವಿ ಬೇಸಿಗೆಯ ದಿನಗಳನ್ನು ತಾಯಿಯ ಬಳಿ ಕಳೆಯುತ್ತಿದ್ದನು. ೧೭೫೦ರ ಜೂನ್ ೧೨ರಂದು ಅವನು ಮುಗಿದ ಕವಿತೆಯನ್ನು ಗೆಳೆಯ ಹೊರೇಸ್ ವಾಲ್ಪೋಲನಿಗೆ ಕಳುಹಿಸಿದ್ದು ಇಲ್ಲಿಂದಲೇ.

ಕವಿತೆಯಲ್ಲಿ ಊರಿನ ಹೆಸರಿಲ್ಲ. ಬೇರೆ ಕೆಲವು ಊರುಗಳವರೂ ಇದು ತಮ್ಮ ಚರ್ಚಿನ ಅಂಗಳವೆಂದು ವಾದಿಸಿದ್ದಾರೆ. ಆದರೆ ವಿದ್ವಾಂಸರ ಬಹುಮತ ಸ್ಟೋಕ್ ಪೋಜಸ್ಸಿನ ಕಡೆಗೇ ಇದೆ. ಕವಿತೆಯ ಒಳಗೊಂದು ಸಾಕ್ಷ್ಯವೂ ಇದಕ್ಕೆ ಪೋಷಕವಾಗಿದೆ. ಬಡತನ ಅಡ್ಡ ಬಾರದಿದ್ದರೆ ಈ ಹಳ್ಳಿಗರಲ್ಲಿ ಯಾರು ಯಾರು ಮಹಾಪುರುಷರಾಗುತ್ತಿದ್ದರೋ ಎಂದು ಕಲ್ಪಿಸುವಲ್ಲಿ ಗ್ರೇ ತನ್ನ ಮೊದಲ ಹಸ್ತಪ್ರತಿಯಲ್ಲಿ ಕೇಟೋ, ಟಲ್ಲಿ, ಸೀಸರ್ ಎಂಬ ರೋಮನ್ನರ ಹೆಸರುಗಳನ್ನು ಬರೆದಿದ್ದನು. ಅನಂತರ ಅವುಗಳನ್ನು ತೆಗೆದು ಹ್ಯಾಂಪ್ಡನ್, ಮಿಲ್ಟನ್, ಕ್ರಾಮ್ವೆಲ್ ಎಂದು ತಿದ್ದಿದನು. ಈ ಮೂವರಲ್ಲಿ ಇಬ್ಬರು ಈ ಕೌಂಟಿಯ ಮಣ್ಣಿಗೆ ಸೇರಿದವರು. ಅರಸನು ಅನ್ಯಾಯವಾಗಿ ಹೇರಿದ ಹಡಗು ತೆರಿಗೆಯನ್ನು ಕೊಡಲೊಲ್ಲದೆ ೧೬೩೭ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದ ಜಾನ್ ಹ್ಯಾಂಪ್ಡನ್ ಈ ಕೌಂಟಿಯ ಭೂಮಾಲಿಕ. ೧೬೪೩ರ ಯುದ್ಧದಲ್ಲಿ ಗಾಯಗೊಂಡು ಮಡಿದ ಅವನ ಸಮಾಧಿ ಇಲ್ಲಿಯ ಗ್ರೇಟ್ ಹ್ಯಾಂಪ್ಡನ್ನಿನ ಚರ್ಚಿನಲ್ಲಿದೆ. ಕವಿ ಮಿಲ್ಟನ್ ೧೬೬೫ರಲ್ಲಿ ಲಂಡನ್ನಿನ ಪ್ಲೇಗಿಗೆ ಅಂಜಿ ಆಶ್ರಯ ಪಡೆದ ಮನೆ ಸ್ಟೋಕ್ ಪೋಜಸ್ಸಿಗೆ ಕೆಲವೇ ಮೈಲಿ ದೂರದ ಚಾಲ್‌ಫಾಂಟ್ ಸೇಂಟ್ ಜೈಲ್ಸ್ ಎಂಬ ಹಳ್ಳಿಯಲ್ಲಿ ಈಗಲೂ ಉಳಿದಿದೆ. ದೂರದ ರೋಮಿನಿಂದ ನೆರೆಯೂರಿಗೆ ಇಳಿದು ಬಂದ ಈ ತಿದ್ದುಪಡಿಯಿಂದ ಕವಿತೆಗೆ ಕಾಲೂರಲು ನೆಲ ದೊರೆಯಿತು. ಮಹಾಪುರುಷನೂ ಮರೆತುಹೋದ ರೈತನೂ ಒಂದೇ ಸೀಮೆಯ ಮಕ್ಕಳು. ಒಬ್ಬನಿಗೆ ಅವಕಾಶ ದೊರೆಯಿತು, ಇನ್ನೊಬ್ಬನಿಗೆ ದೊರೆಯಲಿಲ್ಲ ಎಂಬ ಅರ್ಥ ಆಗ ಸ್ಪಷ್ಟವಾಯಿತು.

೨

ಆ ಕಾಲದ ಹಳ್ಳಿಯ ಚರ್ಚಿನಲ್ಲಿ ಸಾವಿಗೂ ಅಂತಸ್ತುಗಳಿದ್ದವು. ಊರಿನ ಒಡೆಯರನ್ನು ಚರ್ಚಿನ ಒಳಗೆ, ಪೂಜಾವೇದಿಯ ಸಮೀಪದಲ್ಲಿ ಹೂಳುತ್ತಿದ್ದರು. ಅವರ ಮೇಲೆ ಅಮೃತಶಿಲೆಯ ಫಲಕಗಳು, ವಂಶದ ಲಾಂಛನಗಳು, ಕೆಲವೊಮ್ಮೆ ಕೈಮುಗಿದು ಮಲಗಿದ ಪ್ರತಿಮೆಗಳು. ಉಳುವವರು, ಕುರುಬರು, ಕೂಲಿಕಾರರು ಹೊರಗಿನ ಅಂಗಳದ ಪಾಲು. ಅವರ ತಲೆದೆಸೆಯಲ್ಲಿ ಬಹಳವೆಂದರೆ ಒಂದು ಮರದ ಹಲಗೆ. ಮಳೆಗಾಳಿಗೆ ಸಿಕ್ಕಿ ಕೆಲವು ವರ್ಷಗಳಲ್ಲಿ ಅದೂ ಮಣ್ಣಾಗುತ್ತಿತ್ತು. ಸ್ಥಿತಿವಂತ ರೈತರು ಕಲ್ಲು ನಿಲ್ಲಿಸುತ್ತಿದ್ದರು. ಊರಿನ ಕಲ್ಲುಕುಟಿಗ ತಿಳಿದಂತೆ ಕೆತ್ತಿದ ಒರಟು ಪದ್ಯ ಅದರ ಮೇಲಿರುತ್ತಿತ್ತು. ಹೆಸರುಗಳು ಸಂಪೂರ್ಣವಾಗಿ ಅಳಿದವೆನ್ನುವಂತಿಲ್ಲ. ೧೫೩೮ರ ರಾಜಾಜ್ಞೆಯಂತೆ ಪ್ರತಿಯೊಂದು ಚರ್ಚೂ ದೀಕ್ಷಾಸ್ನಾನ, ವಿವಾಹ, ಶವಸಂಸ್ಕಾರಗಳ ದಾಖಲೆಪುಸ್ತಕವನ್ನು ಇಡಬೇಕಾಗಿತ್ತು. ೧೭೫೪ರಿಂದ ವಧೂವರರು ವಿವಾಹದ ಪುಸ್ತಕದಲ್ಲಿ ತಾವೇ ರುಜು ಮಾಡಬೇಕೆಂಬ ನಿಯಮವೂ ಜಾರಿಗೆ ಬಂದಿತು. ಆ ಪುಟಗಳನ್ನು ತೆರೆದರೆ ಅಸಂಖ್ಯ ಹಳ್ಳಿಗರು ಹೆಸರಿನ ಬದಲು ಒಂದು ಅಡ್ಡಗೆರೆ, ಒಂದು ಉದ್ದಗೆರೆ ಎಳೆದಿರುವುದು ಕಾಣುತ್ತದೆ. ಪಾದ್ರಿಯ ಕೈಬರಹದಲ್ಲಿ ಅವರ ಹೆಸರು ಉಳಿಯಿತು. ಅವರ ಮಾತು ಉಳಿಯಲಿಲ್ಲ.

ಗ್ರೇಯ ಕವಿತೆ ಆರಂಭವಾಗುವುದು ಇಂಥ ಅಂಗಳದಲ್ಲಿ, ದನಕರುಗಳು ಮನೆಗೆ ಮರಳುವ ಮುಸ್ಸಂಜೆಯಲ್ಲಿ. ಕತ್ತಲು ಕವಿಯುತ್ತಿದ್ದಂತೆ ಕವಿ ಒಬ್ಬನೇ ಉಳಿಯುತ್ತಾನೆ. ಅವನ ಕಣ್ಣು ಚರ್ಚಿನ ಒಳಗಿನ ವೈಭವದ ಸಮಾಧಿಗಳ ಕಡೆಗೆ ಹೊರಳುವುದಿಲ್ಲ. ಹೊರಗಿನ ಮಣ್ಣಿನ ದಿಬ್ಬಗಳ ಮೇಲೆ ನಿಲ್ಲುತ್ತದೆ. ಈ ಒಂದು ಆಯ್ಕೆಯಲ್ಲಿಯೇ ಅವನ ದೊಡ್ಡತನವಿದೆ. ಪದವಿ, ಐಶ್ವರ್ಯ, ಕೀರ್ತಿ ಎಲ್ಲವೂ ಕೊನೆಗೆ ಸೇರುವುದು ಗೋರಿಗೇ ಎಂಬ ಮಾತು ಲೋಕದ ಎಲ್ಲ ಸಾಹಿತ್ಯಗಳಲ್ಲಿಯೂ ಬಂದಿದೆ. ಗ್ರೇ ಅದನ್ನು ಅರಸರಿಗೆ ವೈರಾಗ್ಯಬೋಧೆಯಾಗಿ ಹೇಳುವುದಿಲ್ಲ. ಬಡವರ ದುಡಿಮೆಯನ್ನು ನೋಡಿ ನಗಬೇಡಿರೆಂದು ಸಿರಿವಂತರನ್ನು ಎಚ್ಚರಿಸಲು ಅದನ್ನು ಬಳಸುತ್ತಾನೆ. ಗೋಣು ಬಗ್ಗಿಸಿ ನೇಗಿಲು ಹಿಡಿದವನ ಕೆಲಸಕ್ಕೆ ಗೌರವವಿದೆ ಎಂಬ ಈ ಭಾವ ಕಾಯಕತತ್ತ್ವದಲ್ಲಿ ಬೆಳೆದ ನಮ್ಮ ಮನಸ್ಸಿಗೆ ಸಹಜವಾಗಿಯೇ ಹಿಡಿಸುತ್ತದೆ.

೩

ಆದರೆ ಸಹೃದಯತೆಯೆಂದರೆ ಮೆಚ್ಚಿಕೆಯೊಂದೇ ಅಲ್ಲ. ಕವಿತೆಯ ನಡುಭಾಗದಲ್ಲಿ ಒಂದು ತೊಡಕಿದೆ. ಈ ಹಳ್ಳಿಗರಲ್ಲಿ ಪ್ರತಿಭೆಯಿತ್ತು. ಜ್ಞಾನದ ಬಾಗಿಲು ಅವರಿಗೆ ತೆರೆಯಲಿಲ್ಲ. ಬಡತನದ ಹಿಮ ಅವರ ಚೇತನದ ಹೊಳೆಯನ್ನು ಹೆಪ್ಪುಗಟ್ಟಿಸಿತು ಎಂದು ಕವಿ ಮರುಗುತ್ತಾನೆ. ಅದನ್ನು ವಿವರಿಸಲು ಕಡಲಿನ ಆಳದ ರತ್ನ, ಯಾರೂ ಕಾಣದ ಕಡೆ ಅರಳಿ ಬಾಡುವ ಹೂವು ಎಂಬ ಎರಡು ಹೋಲಿಕೆಗಳನ್ನು ತರುತ್ತಾನೆ. ಹೋಲಿಕೆಗಳು ಸುಂದರವಾಗಿವೆ. ಅವುಗಳ ಸೌಂದರ್ಯದಲ್ಲಿಯೇ ಅಪಾಯ ಅಡಗಿದೆಯೆಂದು ವಿಲಿಯಂ ಎಂಪ್ಸನ್ ೧೯೩೫ರಲ್ಲಿ ತೋರಿಸಿಕೊಟ್ಟನು. ರತ್ನಕ್ಕೆ ಕಡಲಿನ ಆಳದಲ್ಲಿರುವುದು ದುಃಖವಲ್ಲ. ಹೂವಿಗೆ ಯಾರೂ ಕೀಳದಿರುವುದೇ ಹಿತ. ಮನುಷ್ಯನು ಮಾಡಿದ ಅನ್ಯಾಯವನ್ನು ಪ್ರಕೃತಿಯ ನಿಯಮಕ್ಕೆ ಹೋಲಿಸಿದರೆ ಆ ಅನ್ಯಾಯವೂ ಪ್ರಕೃತಿಸಹಜವೆಂಬ ಭ್ರಮೆ ಹುಟ್ಟುತ್ತದೆ. ಮುಂದೆ ಕವಿ ಇನ್ನೊಂದು ಸಮಾಧಾನವನ್ನೂ ಹೇಳುತ್ತಾನೆ: ಬಡತನ ಅವರ ಸದ್ಗುಣಗಳಿಗೆ ಮಿತಿ ಹಾಕಿದಂತೆ ಅವರ ಪಾಪಗಳಿಗೂ ಮಿತಿ ಹಾಕಿತು, ರಕ್ತದಲ್ಲಿ ಈಜಿ ಸಿಂಹಾಸನ ಏರುವ ದುರ್ದೆಸೆ ಅವರಿಗೆ ಬರಲಿಲ್ಲ. ಈ ಮಾತು ಒಂದು ನೆಲೆಯಲ್ಲಿ ದಿಟವೇ. ಆದರೆ ಹೊಟ್ಟೆಗಿಲ್ಲದವನಿಗೆ ನಿನಗೆ ಅಜೀರ್ಣದ ಭಯವಿಲ್ಲವೆಂದು ಹೇಳಿದಂತೆಯೂ ಅದು ಕೇಳಿಸದಿರದು.

ಇದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೊಂದಿದೆ. ಆ ಹಳ್ಳಿಗರು ನಿಜವಾಗಿಯೂ ಮೂಕರಾಗಿದ್ದರೇ? ಗ್ರೇಯ ಕವಿತೆ ಅಚ್ಚಾಗುವುದಕ್ಕೆ ೨೧ ವರ್ಷ ಮೊದಲು, ೧೭೩೦ರಲ್ಲಿ, ವಿಲ್ಟ್‌ಶೈರ್ ಕೌಂಟಿಯ ಚಾರ್ಲ್‌ಟನ್ ಎಂಬ ಹಳ್ಳಿಯ ಸ್ಟೀಫನ್ ಡಕ್ ಎಂಬ ಕೂಲಿಕಾರನು ಕಣದಲ್ಲಿ ತೆನೆ ಬಡಿಯುವ ತನ್ನ ದುಡಿಮೆಯನ್ನೇ ವಸ್ತುವಾಗಿಸಿ ಬರೆದ ಕವಿತೆ ಪ್ರಕಟವಾಗಿ ಲಂಡನ್ನಿನಲ್ಲೆಲ್ಲ ಮಾತಾಗಿತ್ತು. ಡಕ್ಕನು ತನ್ನ ಕವಿತೆಯಲ್ಲಿ ಹೆಂಗಸರ ದುಡಿಮೆಯನ್ನು ಹಗುರವಾಗಿ ಕಂಡನೆಂದು ನೊಂದು, ಹ್ಯಾಂಪ್‌ಶೈರಿನ ಪೀಟರ್ಸ್‌ಫೀಲ್ಡ್ ಊರಿನ ಬಟ್ಟೆ ಒಗೆಯುವ ಹೆಣ್ಣುಮಗಳು ಮೇರಿ ಕೋಲಿಯರ್ ೧೭೩೯ರಲ್ಲಿ ಪದ್ಯದಲ್ಲಿಯೇ ಉತ್ತರ ಕೊಟ್ಟಳು. ಹೊಲದಲ್ಲಿ ಗಂಡಸಿನ ಸಮಕ್ಕೆ ದುಡಿದು, ಮನೆಗೆ ಬಂದು ಅಡುಗೆ ಮಾಡಿ, ಮಕ್ಕಳನ್ನು ಸಂತೈಸಿ, ನಸುಕಿಗೆ ಮೊದಲೇ ಎದ್ದು ಉಳ್ಳವರ ಮನೆಯ ಬಟ್ಟೆ ಒಗೆಯಲು ಹೋಗುವ ಹೆಣ್ಣಿನ ಬಾಳನ್ನು ಅವಳು ಒಂದೂ ಬಿಡದೆ ಹೇಳಿದಳು. ಗ್ರೇಯ ಕವಿತೆಯಲ್ಲಿ ಹಳ್ಳಿಯ ಹೆಣ್ಣು ಕಾಣಿಸಿಕೊಳ್ಳುವುದು ಒಮ್ಮೆ ಮಾತ್ರ. ಸಂಜೆ ಒಲೆಯ ಬಳಿ ಕೆಲಸದಲ್ಲಿ ತೊಡಗಿ ಗಂಡನ ಬರವನ್ನು ಕಾಯುವ ಗೃಹಿಣಿಯಾಗಿ. ಅದು ದೂರದಿಂದ ಕಂಡ ಚಿತ್ರ. ಆ ಗೃಹಿಣಿಯೂ ಅದೇ ಹೊಲದಿಂದ ಅದೇ ತಾನೇ ಮರಳಿದ್ದಳೆಂಬುದನ್ನು ಕೋಲಿಯರಳಿಂದ ತಿಳಿಯಬೇಕು.

ಆದುದರಿಂದ ಬಡವರು ಮೂಕರಾಗಿದ್ದರೆನ್ನುವುದಕ್ಕಿಂತ ಕೇಳುವವರು ಇರಲಿಲ್ಲವೆನ್ನುವುದು ಹೆಚ್ಚು ಯುಕ್ತ. ಕೇಳಿದವರಾದರೂ ಹೇಗೆ ಕೇಳಿದರು? ಡಕ್ಕನನ್ನು ರಾಣಿ ಕ್ಯಾರೊಲೈನ್ ಅರಮನೆಗೆ ಕರೆಸಿ ವರ್ಷಾಶನ ಕೊಟ್ಟಳು. ಅನಂತರ ಅವನು ಪಾದ್ರಿಯೂ ಆದನು. ಕಣದಿಂದ ದೂರವಾದ ಮೇಲೆ ಅವನ ಕವಿತೆಯಲ್ಲಿ ಮೊದಲಿನ ಕಸುವು ಮರಳಲಿಲ್ಲ. ೧೭೫೬ರಲ್ಲಿ ಅವನು ನೀರಿಗೆ ಬಿದ್ದು ಪ್ರಾಣ ಕಳೆದುಕೊಂಡನು. ಕೋಲಿಯರಳ ಬಡತನ ಕಡೆಯವರೆಗೂ ತೀರಲಿಲ್ಲ. ದುಡಿಯುವವನ ಮಾತನ್ನು ಒಂದು ವಿಚಿತ್ರವೆಂಬಂತೆ ನೋಡಿ ಬೆರಗಾಗುವ ಸಮಾಜ ಅದನ್ನು ಅನುಭಾವವೆಂದು ಸ್ವೀಕರಿಸಲಾರದು.

ಇಲ್ಲಿ ನಮಗೆ ೧೨ನೆಯ ಶತಮಾನದ ಕಲ್ಯಾಣ ನೆನಪಾಗುವುದು ಅನಿವಾರ್ಯ. ಅಲ್ಲಿ ಹಗ್ಗ ಹೊಸೆಯುವ ನುಲಿಯ ಚಂದಯ್ಯನವರು, ಕಟ್ಟಿಗೆ ಹೊರುವ ಮೋಳಿಗೆಯ ಮಾರಯ್ಯನವರು, ಅಕ್ಕಿ ಆಯುವ ಕಾಯಕದ ಮಾರಯ್ಯನವರ ಧರ್ಮಪತ್ನಿ ಲಕ್ಕಮ್ಮನವರು ತಮ್ಮ ಮಾತನ್ನು ತಾವೇ ಆಡಿದರು. ಬೇಕಾದುದಕ್ಕಿಂತ ಹೆಚ್ಚಿನ ಅಕ್ಕಿ ತಂದ ಗಂಡನನ್ನು ತಡೆದು ತಿದ್ದಿದ ಲಕ್ಕಮ್ಮನವರಿಗೆ ಯಾರ ಅರಮನೆಯ ವರ್ಷಾಶನವೂ ಬೇಕಾಗಿರಲಿಲ್ಲ. ಅಂಬಿಗರ ಚೌಡಯ್ಯನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ದೇವರ ಹೆಸರಿನ ಬದಲು ಕಾಯಕದೊಡನೆ ಕೂಡಿದ ತಮ್ಮ ಹೆಸರನ್ನೇ ವಚನದ ಅಂಕಿತವಾಗಿ ಇಟ್ಟುಕೊಂಡರು. ದೋಣಿ ನಡೆಸುವವನು ದೋಣಿ ನಡೆಸುವವನಾಗಿಯೇ ನುಡಿಯುವುದು, ಆ ನುಡಿಯನ್ನು ಪಂಡಿತರು ಸರಿಸಮವಾಗಿ ಕುಳಿತು ಕೇಳುವುದು. ಗ್ರೇಯ ಕಾಲದ ಇಂಗ್ಲೆಂಡಿಗೆ ಒದಗದೆ ಹೋದ ಸನ್ನಿವೇಶ ಇದೇ.

ಒಂದು ಕಾಲದ, ಒಂದು ಧರ್ಮದ ಅಳತೆಗೋಲಿನಿಂದ ಇನ್ನೊಂದನ್ನು ಅಳೆಯುವುದು ನ್ಯಾಯವೇ ಎಂಬ ಆಕ್ಷೇಪ ಬರಬಹುದು. ಗ್ರೇಯನ್ನು ಕುಂದಿಸುವುದಕ್ಕಾಗಿ ಈ ಹೋಲಿಕೆಯಲ್ಲ. ಅವನ ಸ್ವಂತ ನೆಲದಲ್ಲಿಯೇ ಡಕ್ಕನೂ ಕೋಲಿಯರಳೂ ಇದ್ದರೆಂಬುದನ್ನು ಮೊದಲು ಹೇಳಿದ್ದು ಈ ಕಾರಣಕ್ಕಾಗಿಯೇ. ಶರಣರ ದೃಷ್ಟಿ ನಮಗೆ ಕವಿತೆಯೊಳಗಿನ ಮೌನವನ್ನು ಗುರುತಿಸುವ ಕಿವಿಯನ್ನು ಕೊಡುತ್ತದೆ, ಅಷ್ಟೇ.

೪

ಈ ಕಿವಿಯಿಂದ ಕೇಳಿದಾಗ ಕವಿತೆಯ ಕೊನೆಯ ಭಾಗ ಬೇರೆಯೇ ಅರ್ಥವನ್ನು ಕೊಡತೊಡಗುತ್ತದೆ. ಈಟನ್ ವಿದ್ಯಾಶಾಲೆಯಲ್ಲಿರುವ ಮೊದಲ ಹಸ್ತಪ್ರತಿಯಲ್ಲಿ ಕವಿತೆಗೆ ಬೇರೊಂದು ಮುಕ್ತಾಯವಿತ್ತು. ಕೊನೆಯ ನಾಲ್ಕು ಚೌಪದಿಗಳಲ್ಲಿ ಕವಿ ತನಗೆ ತಾನೇ ಸಮಾಧಾನ ಹೇಳಿಕೊಂಡು, ವಿಧಿಯನ್ನು ಒಪ್ಪಿ, ಶಾಂತನಾಗಿ ಬದುಕುವ ನಿರ್ಧಾರ ಮಾಡಿದ್ದನು. ಅದು ಸುಸಂಬದ್ಧವಾದ ಮುಕ್ತಾಯವೇ ಆಗಿತ್ತು. ಆದರೂ ಗ್ರೇ ಅದನ್ನು ಕೈಬಿಟ್ಟನು. ಅದರ ಬದಲು ತನ್ನ ಮರಣಾನಂತರದ ಒಂದು ದೃಶ್ಯವನ್ನು ಕಲ್ಪಿಸಿದನು. ಯಾರೋ ಒಬ್ಬ ದಾರಿಹೋಕ ಬಂದು ಕವಿಯ ವಿಷಯ ಕೇಳುತ್ತಾನೆ. ನರೆಗೂದಲಿನ ಹಳ್ಳಿಗನೊಬ್ಬ ಉತ್ತರ ಹೇಳುತ್ತಾನೆ. ಬೆಳಗಿನ ಮಂಜಿನಲ್ಲಿ ಅವನು ಗುಡ್ಡ ಹತ್ತುವುದನ್ನು, ಮಧ್ಯಾಹ್ನ ಮರದ ಬುಡದಲ್ಲಿ ಮೈಚಾಚಿ ತೊರೆಯ ಕಡೆ ದೃಷ್ಟಿಯಿಟ್ಟು ಬಿದ್ದಿರುವುದನ್ನು, ತನ್ನಲ್ಲಿಯೇ ಏನನ್ನೋ ಗೊಣಗುತ್ತ ಅಲೆಯುವುದನ್ನು ನಾವು ನೋಡುತ್ತಿದ್ದೆವು. ಒಂದು ದಿನ ಕಾಣಲಿಲ್ಲ, ಮರುದಿನವೂ ಕಾಣಲಿಲ್ಲ, ಮೂರನೆಯ ದಿನ ಶವವನ್ನು ಹೊತ್ತು ತಂದರು ಎಂಬುದು ಅವನ ಹೇಳಿಕೆಯ ಸಾರ. ಕೊನೆಗೆ, ನಿನಗೆ ಓದು ಬರುತ್ತದೆಯಾದುದರಿಂದ ಕಲ್ಲಿನ ಮೇಲಿನ ಬರಹವನ್ನು ಹತ್ತಿರ ಹೋಗಿ ಓದಿಕೋ ಎಂದು ಅವನು ದಾರಿಹೋಕನಿಗೆ ತಿಳಿಸುತ್ತಾನೆ. ಆ ಶಿಲಾಲೇಖದ ಮೂರು ಚೌಪದಿಗಳೊಡನೆ ಕವಿತೆ ಮುಗಿಯುತ್ತದೆ.

ಈ ಭಾಗವನ್ನು ಕುರಿತು ವಿಮರ್ಶಕರು ಬಹಳ ಚರ್ಚಿಸಿದ್ದಾರೆ. ಆದರೆ ಎರಡು ಅಂಶಗಳನ್ನು ನಮ್ಮ ಓದುಗರು ವಿಶೇಷವಾಗಿ ಗಮನಿಸಬೇಕು. ಮೊದಲನೆಯದು ಕವಿತೆಯ ಕೊರತೆಯನ್ನು ತೋರುವ ಅಂಶ. ಇಡೀ ಕವಿತೆಯಲ್ಲಿ ಒಬ್ಬ ಹಳ್ಳಿಗನಿಗೆ ಮಾತು ದೊರೆಯುವುದು ಇದೊಂದೇ ಕಡೆ. ದೊರೆತ ಮಾತಿನಲ್ಲಿ ಅವನು ಹೇಳುವುದಾದರೂ ಏನು? ಆ ಅಂಗಳದಲ್ಲಿ ಅವನ ತಂದೆತಾಯಿಗಳು, ಒಡಹುಟ್ಟಿದವರು, ಜೊತೆಗೆ ಉತ್ತವರು ಮಣ್ಣಾಗಿದ್ದಾರೆ. ಅವರಲ್ಲಿ ಒಬ್ಬರ ಹೆಸರನ್ನೂ ಅವನು ಎತ್ತುವುದಿಲ್ಲ. ಅವನು ಹೇಳುವುದು ಪಟ್ಟಣದಿಂದ ಬಂದ ವಿದ್ಯಾವಂತ ಕವಿಯ ಕಥೆಯನ್ನು. ಹೆಸರಿಲ್ಲದವರಿಗಾಗಿ ಕಣ್ಣೀರಿಟ್ಟ ಕವಿತೆ, ಹೆಸರಿಲ್ಲದವನ ಬಾಯಿ ತೆರೆದಾಗ ತನ್ನ ಕಥೆಯನ್ನೇ ಹೇಳಿಸಿಕೊಂಡಿತು. ಗ್ರೇಯ ಕರುಣೆ ನಿಂತುಹೋಗುವ ಗೆರೆ ಇಲ್ಲಿದೆ.

ಎರಡನೆಯ ಅಂಶ ಇದಕ್ಕೆ ಪ್ರತಿಯಾಗಿ ಕವಿತೆಯ ಪ್ರಾಮಾಣಿಕತೆಯನ್ನು ತೋರುವಂಥದು. ಓದು ಬಾರದ ಮುದುಕನ ಮಾತನ್ನೂ ಕಲ್ಲಿನ ಮೇಲಿನ ಬರಹವನ್ನೂ ಗ್ರೇ ಪಕ್ಕಪಕ್ಕದಲ್ಲಿಟ್ಟಿದ್ದಾನೆ. ಕಲ್ಲು ಹೇಳುವುದು ಸಾಮಾನ್ಯ ಸಂಗತಿಗಳನ್ನು: ಯುವಕ, ಕೀರ್ತಿಯಿಲ್ಲದವನು, ವಿಷಣ್ಣ ಸ್ವಭಾವದವನು, ಉದಾರಿ, ದೈವಭಕ್ತ. ಇಂಥ ಗುಣವಿಶೇಷಣಗಳನ್ನು ಯಾರ ಸಮಾಧಿಯ ಮೇಲೆ ಬೇಕಾದರೂ ಕೆತ್ತಬಹುದು. ಮುದುಕನ ಬಾಯಲ್ಲಿ ಬರುವುದು ಇಂಥ ಮರ, ಇಂಥ ತೊರೆ, ಇಂಥ ಬೆಳಗು. ಅವನು ಕವಿಯ ಒಂದು ಸಾಲನ್ನೂ ಓದಿದವನಲ್ಲ, ಹೆಸರನ್ನು ಕೂಡ ಹೇಳುವುದಿಲ್ಲ; ಆದರೆ ಎರಡು ದಿನ ಕಾಣದೆ ಹೋದುದನ್ನು ಲೆಕ್ಕವಿಟ್ಟವನು ಅವನೇ. ಒಬ್ಬ ಮನುಷ್ಯನು ಇಲ್ಲವಾದಾಗ ಆ ಇಲ್ಲಮೆಯನ್ನು ಗುರುತಿಸುವವನೊಬ್ಬ ಇದ್ದರೆ ಅದೇ ಅವನ ಸ್ಮಾರಕ. ಮೊದಲ ಮುಕ್ತಾಯದಲ್ಲಿ ಕವಿ ತನ್ನೊಡನೆ ತಾನೇ ಮಾತಾಡಿಕೊಂಡಿದ್ದನು. ತಿದ್ದಿದ ಮುಕ್ತಾಯದಲ್ಲಿ ತನ್ನ ನೆನಪನ್ನು ಅಕ್ಷರ ಬಾರದವನ ಕೊರಳಿಗೆ ಒಪ್ಪಿಸಿದನು. ಶಿಲೆಗಿಂತ ಉಸಿರು ದೊಡ್ಡದೆಂಬ ಸತ್ಯವನ್ನು ಕವಿತೆ ಬಾಯಿಬಿಟ್ಟು ಹೇಳದಿದ್ದರೂ ತನ್ನ ರಚನೆಯಿಂದಲೇ ಒಪ್ಪಿಕೊಂಡಿದೆ. ಇದನ್ನೇ ನಾವು ಜಂಗಮದ ಹಿರಿಮೆ ಎನ್ನುತ್ತೇವೆ.

೫

ಕವಿತೆ ಮುಗಿದ ಮೇಲೆ ಆ ಅಂಗಳದಲ್ಲಿ ನಡೆದ ಸಂಗತಿಗಳು ಇದಕ್ಕೊಂದು ವ್ಯಾಖ್ಯಾನದಂತಿವೆ. ೧೭೫೩ರಲ್ಲಿ ಗ್ರೇಯ ತಾಯಿ ತೀರಿಕೊಂಡಳು. ಕ್ರೂರಿಯಾದ ಗಂಡನೊಡನೆ ಬಾಳಿ, ಲಂಡನ್ನಿನಲ್ಲಿ ಅಂಗಡಿ ನಡೆಸಿ, ಹೆತ್ತ ಹನ್ನೆರಡು ಮಕ್ಕಳಲ್ಲಿ ಉಳಿದ ಒಬ್ಬನನ್ನು ಓದಿಸಿದ ತಾಯಿ ಅವಳು. ಚರ್ಚಿನ ಹೊರಗೆ, ಹೇಸ್ಟಿಂಗ್ಸ್ ಮಂದಿರದ ಪೂರ್ವದ ಕಿಟಕಿಯ ಕೆಳಗೆ, ಇಟ್ಟಿಗೆಯ ಸರಳ ಸಮಾಧಿಯಲ್ಲಿ ಅವಳನ್ನು ಸಹೋದರಿಯ ಜೊತೆಗೆ ಇರಿಸಿದರು. ಮೇಲಿನ ಬರಹವನ್ನು ಗ್ರೇಯೇ ರಚಿಸಿದನು; ತನ್ನ ಹೆಸರನ್ನು ಅದರಲ್ಲಿ ಹೇಳಲಿಲ್ಲ, ಉಳಿದ ಒಂದು ಮಗುವಾಗಿ ಮಾತ್ರ ತನ್ನನ್ನು ಸೂಚಿಸಿಕೊಂಡನು. ೧೭೫೭ರಲ್ಲಿ ಆಸ್ಥಾನಕವಿಯ ಪದವಿ ತಾನಾಗಿ ಬಂದಾಗ ನಿರಾಕರಿಸಿದವನು ಅವನು. ೧೭೭೧ರ ಜುಲೈ ೩೦ರಂದು ಕೇಂಬ್ರಿಜ್ಜಿನಲ್ಲಿ ಮಡಿದ ಬಳಿಕ ಅವನ ಇಚ್ಛೆಯಂತೆ ಅದೇ ಸಮಾಧಿಯಲ್ಲಿ ತಾಯಿಯ ಬದಿಗೆ ಅವನನ್ನು ಇಟ್ಟರು. ಆ ಸಮಾಧಿಯ ಮೇಲೆ ಇಂದಿಗೂ ಅವನ ಹೆಸರಿಲ್ಲ. ಎದುರಿನ ಗೋಡೆಯಲ್ಲಿ ಅನಂತರ ಕೂರಿಸಿದ ಫಲಕದಿಂದ ಮಾತ್ರ ಅದು ಗ್ರೇಯ ಸಮಾಧಿಯೆಂದು ತಿಳಿಯುತ್ತದೆ. ಕವಿತೆಯಲ್ಲಿ ಹೇಳಿದುದನ್ನು ಅವನು ಮರಣದಲ್ಲಿ ನಡೆದು ತೋರಿಸಿದನು. ಶರಣನ ಹಿರಿಮೆಯನ್ನು ಅವನ ಮರಣದಲ್ಲಿ ಕಾಣಬೇಕೆನ್ನುವ ನಮ್ಮ ಹಿರಿಯರು ಈ ಒಂದು ವಿಷಯದಲ್ಲಿ ಗ್ರೇಯನ್ನು ಮೆಚ್ಚದೆ ಇರುತ್ತಿರಲಿಲ್ಲ.

ಆದರೆ ಲೋಕ ಇದಕ್ಕೆ ತೃಪ್ತವಾಗಲಿಲ್ಲ. ೧೭೯೯ರಲ್ಲಿ ಆ ಊರಿನ ದೊಡ್ಡ ಜಮೀನಿನ ಒಡೆಯ ಜಾನ್ ಪೆನ್ ಎಂಬವನು ಪ್ರಸಿದ್ಧ ವಾಸ್ತುಶಿಲ್ಪಿ ಜೇಮ್ಸ್ ವಯಟ್‌ನಿಂದ ನಕ್ಷೆ ಬರೆಸಿ, ಚರ್ಚಿನ ಅಂಗಳದ ಆಚೆಯ ಬಯಲಿನಲ್ಲಿ ಎತ್ತರವಾದ ಪೀಠದ ಮೇಲೆ ಕಲ್ಲಿನ ಶವಪೆಟ್ಟಿಗೆಯ ಆಕಾರವಿರುವ ದೊಡ್ಡ ಸ್ಮಾರಕವನ್ನು ನಿಲ್ಲಿಸಿದನು. ಪೀಠದ ಮೇಲೆ ಶೋಕಗೀತೆಯ ಸಾಲುಗಳನ್ನು ಕೆತ್ತಿಸಿದನು. ಈಗ ಅದು ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯ ರಕ್ಷಣೆಯಲ್ಲಿದೆ. ಸಿರಿವಂತರ ಕೆತ್ತನೆಯ ಗೋರಿಗಳು ಹೋದ ಉಸಿರನ್ನು ಮರಳಿಸಲಾರವೆಂದು ಸಾರಿದ ಕವಿತೆಯನ್ನೇ ಸಿರಿವಂತನೊಬ್ಬ ಕಲ್ಲಿಗೆ ಏರಿಸಿದ ಈ ಘಟನೆಯ ವಿಪರ್ಯಾಸವನ್ನು ವಿವರಿಸಬೇಕಾಗಿಲ್ಲ.

ವಿಪರ್ಯಾಸ ಇಷ್ಟಕ್ಕೇ ಮುಗಿಯುವುದಿಲ್ಲ. ಈ ಜಾನ್ ಪೆನ್ ಅಮೆರಿಕದ ಪೆನ್ಸಿಲ್ವ್ಯಾನಿಯ ಪ್ರಾಂತವನ್ನು ಸ್ಥಾಪಿಸಿದ ವಿಲಿಯಂ ಪೆನ್ನನ ಮೊಮ್ಮಗ. ವಿಲಿಯಂ ಪೆನ್ ಕ್ವೇಕರ್ ಪಂಥದವನು. ಪುರೋಹಿತರ ಮಧ್ಯಸ್ಥಿಕೆಯಿಲ್ಲದೆ ಪ್ರತಿಯೊಬ್ಬನ ಅಂತರಂಗದಲ್ಲಿಯೂ ದೇವರ ಬೆಳಕು ಮೂಡುತ್ತದೆಂದು ನಂಬಿದ ಆ ಪಂಥದವರು ಸಮಾಧಿಯ ಮೇಲೆ ಕಲ್ಲು ನಿಲ್ಲಿಸುವುದನ್ನು ಅಹಂಕಾರವೆಂದು ನಿಷೇಧಿಸಿದ್ದರು. ಸ್ಟೋಕ್ ಪೋಜಸ್ಸಿನಿಂದ ಕೆಲವೇ ಮೈಲಿ ದೂರದಲ್ಲಿ, ಅದೇ ಕೌಂಟಿಯ ಜಾರ್ಡನ್ಸ್ ಎಂಬಲ್ಲಿ, ೧೬೮೮ರಲ್ಲಿ ಕಟ್ಟಿದ ಅವರ ಸಾದಾ ಸಭಾಗೃಹವಿದೆ. ಅದರ ಮುಂದಿನ ಹುಲ್ಲುನೆಲದಲ್ಲಿ ೧೭೧೮ರಲ್ಲಿ ಪೆನ್ನನನ್ನು ಹೂಳಿದರು. ಸರಳವಾದ ಕಲ್ಲುಗಳಿಗೆ ಪಂಥದವರು ಅನುಮತಿ ಕೊಟ್ಟದ್ದು ೧೮೫೦ರಲ್ಲಿ. ಅಲ್ಲಿಯವರೆಗೂ ಒಂದು ದೊಡ್ಡ ನಾಡನ್ನು ಕಟ್ಟಿದವನೂ ಪಕ್ಕದ ಬಡ ಭಕ್ತನೂ ಒಂದೇ ಹುಲ್ಲಿನ ಕೆಳಗೆ ಗುರುತಿಲ್ಲದೆ ಸಮಾನವಾಗಿ ಮಲಗಿದ್ದರು. ಅಜ್ಜನ ಸಮಾಧಿಯ ಮೇಲೆ ಕಲ್ಲಿಲ್ಲದ ಕಾಲದಲ್ಲಿಯೇ ಮೊಮ್ಮಗನು ಕವಿಗೆ ಕಲ್ಲಿನ ಸ್ಮಾರಕ ಕಟ್ಟಿಸಿದನು. ಸ್ಥಾವರದ ಮೋಹ ಎರಡೇ ತಲೆಮಾರುಗಳಲ್ಲಿ ಹೇಗೆ ಮರಳಿ ಬರುತ್ತದೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

೬

ಪರದೇಶದವರ ವಿಪರ್ಯಾಸವನ್ನು ಕಂಡು ನಾವು ನಕ್ಕು ಸುಮ್ಮನಿರುವಂತಿಲ್ಲ. ನಮ್ಮಲ್ಲಿ ಲಿಂಗೈಕ್ಯನಾದವನನ್ನು ಕುಳಿತ ಭಂಗಿಯಲ್ಲಿಯೇ, ಇಷ್ಟಲಿಂಗವನ್ನು ಕರಸ್ಥಲದಲ್ಲಿರಿಸಿ ಮಣ್ಣಿಗೆ ಒಪ್ಪಿಸುತ್ತೇವೆ. ಪೂರ್ವಕ್ಕೆ ಕಾಲುಚಾಚಿ ಮಲಗಿ ಪುನರುತ್ಥಾನದ ದಿನವನ್ನು ಕಾಯುವ ಕಲ್ಪನೆ ನಮ್ಮದಲ್ಲ. ಬಯಲು ಬಯಲಿನಲ್ಲಿ ಬೆರೆತ ಮೇಲೆ ಕಾಯುವುದು ಏನೂ ಉಳಿಯದೆಂಬುದು ನಮ್ಮ ನಿಲುವು. ಈ ತತ್ತ್ವದ ಪ್ರಕಾರ ಕಲ್ಲಿನ ಗುರುತಿನ ಅಗತ್ಯವೇ ಇಲ್ಲ. ಆದರೂ ಇಂದು ಊರೂರಿನಲ್ಲಿ ಗದ್ದುಗೆಗಳಿಗೆ ಅಮೃತಶಿಲೆ ಹೊದಿಸುತ್ತಿದ್ದೇವೆ. ಒಳಗಿರುವ ಹಿರಿಯರ ಹೆಸರಿಗಿಂತ ದೊಡ್ಡ ಅಕ್ಷರಗಳಲ್ಲಿ ದಾನಿಗಳ ಹೆಸರನ್ನು ಕೆತ್ತಿಸುತ್ತಿದ್ದೇವೆ. ಗದ್ದುಗೆಗೆ ನಡೆದುಕೊಳ್ಳುವುದು ತಪ್ಪೆಂದು ಇದರ ಅರ್ಥವಲ್ಲ. ಭಕ್ತಿಗೆ ಒಂದು ನೆಲೆ ಬೇಕು. ತುಂಗಭದ್ರೆಯ ದಡದ ಚೌಡದಾನಪುರದಲ್ಲಿ ಅಂಬಿಗರ ಚೌಡಯ್ಯನವರ ನೆಲೆಯನ್ನು ಅರಸಿ ಹೋಗುವ ಭಕ್ತನ ಶ್ರದ್ಧೆ ಗೌರವಾರ್ಹವೇ. ಆದರೆ ಚೌಡಯ್ಯನವರು ನಮಗೆ ಉಳಿದುಬಂದದ್ದು ಕಲ್ಲಿನಿಂದಲ್ಲ, ಅವರ ನುಡಿಯಿಂದ.

ಆ ನುಡಿಯಾದರೂ ಉಳಿದದ್ದು ಹೇಗೆ? ಅರಸರ ಶಾಸನಗಳಲ್ಲಿ ಅದಕ್ಕೆ ಎಡೆಯಿರಲಿಲ್ಲ. ಮಠಗಳಲ್ಲಿ, ಹಳ್ಳಿಯ ಭಕ್ತರ ಮನೆಗಳ ಜಗುಲಿಯ ಮೇಲೆ, ತಾಳೆಗರಿಯ ಕಟ್ಟುಗಳಲ್ಲಿ ಅದು ಉಳಿಯಿತು. ಓದು ಬಲ್ಲವರು ಓದಿದರು, ಬಾರದವರು ಕೇಳಿ ಹಾಡಿದರು, ಏನೂ ತಿಳಿಯದವರು ವಿಭೂತಿ ಹಚ್ಚಿ ಪೂಜಿಸಿ ಕಾಪಾಡಿದರು. ಫ. ಗು. ಹಳಕಟ್ಟಿಯವರು ವಿಜಾಪುರದಲ್ಲಿ ವಕೀಲಿ ಮಾಡುತ್ತ, ಮನೆಮನೆ ಅಲೆದು ಆ ಕಟ್ಟುಗಳನ್ನು ಸಂಗ್ರಹಿಸಿ, ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಬೆಳಕಿಗೆ ತರದಿದ್ದರೆ, ೧೯೨೬ರಿಂದ ‘ಶಿವಾನುಭವ’ ಪತ್ರಿಕೆಯನ್ನು ನಡೆಸದಿದ್ದರೆ, ನಮ್ಮ ಕಾಯಕಜೀವಿಗಳೂ ಸ್ಟೋಕ್ ಪೋಜಸ್ಸಿನ ರೈತರಂತೆ ಮಾತಿಲ್ಲದವರೆಂದು ನಾವೇ ಶೋಕಗೀತೆ ಬರೆಯುತ್ತಿದ್ದೆವೋ ಏನೋ. ಸಂಪ್ರದಾಯ ಎಣಿಸುವ ೭೭೦ ಅಮರಗಣಂಗಳಲ್ಲಿ ಎಲ್ಲರ ವಚನಗಳೂ ನಮಗೆ ದೊರೆತಿಲ್ಲವೆಂಬುದನ್ನು ನೆನೆದರೆ ನಮ್ಮ ಹೆಮ್ಮೆಗೂ ಒಂದು ಮಿತಿಯಿರಬೇಕೆಂಬುದು ಮನದಟ್ಟಾಗುತ್ತದೆ.

ಗ್ರೇಯ ಶೋಕಗೀತೆ ದೊಡ್ಡ ಕವಿತೆ. ಹೆಸರಿಲ್ಲದವರ ಮಣ್ಣಿನ ಮುಂದೆ ಟೋಪಿ ತೆಗೆದು ನಿಲ್ಲುವುದನ್ನು ಅದು ಒಂದು ಸಮಾಜಕ್ಕೆ ಕಲಿಸಿತು. ಆ ಹೆಸರಿಲ್ಲದವನು ಬಾಯಿ ತೆರೆದಾಗ ಅವನ ಸ್ವಂತ ಜನರ ಕಥೆಯನ್ನು ಕೇಳಿಸಿಕೊಳ್ಳುವ ತಾಳ್ಮೆಯನ್ನು ಮಾತ್ರ ಕಲಿಸಲಿಲ್ಲ. ಆ ಉಳಿದ ಪಾಠ ಶರಣರದು, ಮತ್ತು ಅದನ್ನು ನಡೆಸಬೇಕಾದ ಹೊಣೆ ಶರಣರ ಹೆಸರು ಹೇಳುವ ನಮ್ಮದು. ನಮ್ಮ ಊರಿನ ಅಗಸೆಯ ಕಟ್ಟೆಯ ಮೇಲೆ ಇಂದಿಗೂ ನರೆಗೂದಲಿನ ಹಿರಿಯರು ಕುಳಿತಿದ್ದಾರೆ. ಯಾವ ಹೊಲವನ್ನು ಯಾರು ಉತ್ತರು, ಯಾವ ತಾಯಿ ಬರಗಾಲದಲ್ಲಿ ಎಷ್ಟು ಮನೆಗಳಿಗೆ ಅಂಬಲಿ ಹಂಚಿದಳು, ಯಾರು ಯಾವ ವಚನವನ್ನು ಯಾವ ಧಾಟಿಯಲ್ಲಿ ಹಾಡುತ್ತಿದ್ದರು ಎಂಬುದು ಅವರ ಕೊರಳಿನಲ್ಲಿ ಮಾತ್ರ ಇದೆ. ಸಾಹಿತ್ಯದ ವಿದ್ಯಾರ್ಥಿಗಳು ರಜೆಯಲ್ಲಿ ಊರಿಗೆ ಹೋದಾಗ ಒಂದು ಟಿಪ್ಪಣಿ ಪುಸ್ತಕವನ್ನು ಹಿಡಿದು ಅವರ ಬಳಿ ಕೂರಲಿ. ಗದ್ದುಗೆಗೆ ಕಲ್ಲು ಹಾಕಿಸಲು ಹಣ ಕೂಡಿಸುವ ಭಕ್ತರು ಅದರಲ್ಲಿ ಒಂದು ಪಾಲನ್ನು ಆ ಮಾತುಗಳನ್ನು ಬರೆದಿಡುವುದಕ್ಕೆ ತೆಗೆದಿರಿಸಲಿ. ಕಲ್ಲನ್ನು ಇನ್ನೊಂದು ವರ್ಷ ತಡೆದು ಹಾಕಿಸಬಹುದು. ಹಿರಿಯರ ಕೊರಳು ಅಷ್ಟು ದಿನ ಕಾಯುತ್ತದೆಂದು ಹೇಳುವಂತಿಲ್ಲ.